ಐದನೇ ಹೆಸರು ಸಾತಿಬಾಲ್ದಿ

೧
ಎಲ್ಲಿಂದ ಶುರು ಮಾಡಲಿ? ಮದುವೆಯಿಂದಲೇ? ಬೇಡ, ಯಡವಟ್ಟಾಗಿರುವುದೇ ಅಲ್ಲಿ. ನಾಯಕನ ಕಣ್ಣಿನಿಂದ? ಮೊದಲ ಅಧ್ಯಾಯದಲ್ಲಿ ಏಲ್ದಿಯಾರನ ಕಣ್ಣು ಕಪ್ಪು, ನಾಲ್ಕರಲ್ಲಿ ಜೇನುಬಣ್ಣ. ಬಿಶ್ಕೆಕ್‌ನ ವಾರಪತ್ರಿಕೆಯಲ್ಲಿ ನನ್ನ ಧಾರಾವಾಹಿ ಓದುವವರು ಯಾರೂ ಕೇಳಲಿಲ್ಲ. ಅವನ ಕುಂಟು ಎಡಗಾಲಿನಿಂದ ಬಲಗಾಲಿಗೆ ಹೋಯಿತು. ಅದನ್ನೂ ಕೇಳಲಿಲ್ಲ. (ನನಗೆ ಸೊಕ್ಕು ಬಂದಿದ್ದು ಆಗಲೇ.)

೨
ಅಂತೂ ಇವತ್ತು ಕೊನೆಯ ಕಂತು. ಏಲ್ದಿಯಾರನಿಗೂ ಬೂರುಲ್‌ಗೂ ಮದುವೆ. ಸಂಜೆಯೊಳಗೆ ಕಳಿಸಬೇಕು. ಬೋರ್ಸೋಕ್ ಹಿಟ್ಟಿನುಂಡೆ ಕರಿಯುತ್ತಿದ್ದ ಅತ್ತೆ ಎಣ್ಣೆಗೈಯಲ್ಲೇ ಪ್ರಿಂಟ್ ತೆಗೆದ ಹಾಳೆ ತಿರುವಿದರು.

"ಅಯ್ಯಯ್ಯೋ! ಅಣ್ಣ ತಂಗೀಗೆ ಗಂಟು ಹಾಕ್ತಿದ್ದೀಯಲ್ಲೇ!"

"ಯಾರು ಅಪಾ ಅಣ್ಣ ತಂಗಿ?" (ಗಂಡನ ತಾಯಿಯನ್ನು ನಾವು ಅಪಾ ಅನ್ನುವುದು.)

"ಮೂರನೇ ಅಧ್ಯಾಯದಲ್ಲಿ ಹುಡುಗ ತನ್ನ ಏಳು ತಲೆ ಹಿರಿಯರ ಹೆಸರು ಹೇಳ್ತಾನೆ. ಐದನೆಯವನು ಕೊಚ್ಕೋರಿನ ಸಾತಿಬಾಲ್ದಿ. ಹನ್ನೊಂದರಲ್ಲಿ ಹುಡುಗಿಯ ತಮ್ಮ ಅವರ ಕಡೆಯ ಹೆಸರು ಹೇಳ್ತಾನೆ. ಅಲ್ಲೂ ಐದನೆಯವನು ಅದೇ ಕೊಚ್ಕೋರಿನ ಸಾತಿಬಾಲ್ದಿ! ಏಳು ತಲೆಯೊಳಗೆ ಒಬ್ಬನೇ ತಾತ ಬಂದ್ರೆ ಮದುವೆ ಉಂಟೇನೇ?"

ಸಾತಿಬಾಲ್ದಿ! ಎಷ್ಟು ಮುದ್ದಾದ ಹೆಸರು ಅಂತ ಎರಡು ಕಡೆ ಹಾಕಿಬಿಟ್ಟಿದ್ದೆ. (ಕಾಪಿ ಪೇಸ್ಟ್ ಅಂತ ಮಾತ್ರ ನನ್ನ ಬಾಯಿಂದ ಬರುವುದಿಲ್ಲ.) ಎರಡೂ ಅಧ್ಯಾಯ ಅಚ್ಚಾಗಿ ಊರೆಲ್ಲ ಓದಿಯಾಗಿದೆ.

೩ (ಅಂತ್ಯ ಒಂದು)
ಕೊಚ್ಕೋರಿನಲ್ಲಿ ಇಬ್ಬರು ಸಾತಿಬಾಲ್ದಿಗಳಿದ್ದರು.

"ಆರನೇ ಹೆಸರು ನೋಡು, ಇಬ್ಬರಿಗೂ ಅಪ್ಪ ಒಬ್ಬನೇ ಅಂತ ನೀನೇ ಬರ್ದಿದ್ದೀಯ," ಅಂದರು ಅತ್ತೆ.

ಮತ್ತೆ ೩ (ಅಂತ್ಯ ಎರಡು)
ಬೂರುಲ್ ಸಾಕುಮಗಳು. ಇಷ್ಟು ಟೈಪ್ ಮಾಡುವಷ್ಟರಲ್ಲಿ ಬೂರುಲ್ ಸಾಲಿನಿಂದ ಎದ್ದೇ ಬಂದಳು.

"ನನ್ನಪ್ಪನ್ನ ನನ್ನಿಂದ ಕಿತ್ಕೊಳ್ಳೋಕೆ ನೀವ್ಯಾರು ಎಜೆ?" ಅಕ್ಕ ಅಂತ ಕರೆದೇ ಜಗಳಕ್ಕೆ ನಿಂತಳು.

"ನಿನ್ನ ಮದುವೆ ಉಳಿಸ್ತಿದ್ದೀನಿ ಕಣೇ ಪುಣ್ಯಾತ್ಗಿತ್ತಿ!"

"ತಮ್ಮ ಆ ಹೆಸರು ಹೇಳ್ದಾಗ ನನ್ನ ಕೈಯಿಂದ ಬಟ್ಟಲು ಬಿತ್ತಲ್ಲ, ಯಾಕೆ ಅಂದ್ಕೊಂಡ್ರಿ? ಅವತ್ತೇ ಗೊತ್ತಾಯ್ತು ನಂಗೆ. ಬಾಯಿ ಮುಚ್ಕೊಂಡಿದ್ದೆ. ನಂಗೆ ಅವನೇ ಬೇಕು."

(ಬಟ್ಟಲು ಬೀಳಿಸಿದ್ದು ನಾನು, ಪುಟ ತುಂಬಿಸುವುದಕ್ಕೆ.) ಆದರೂ ಸಾಕುಮಗಳನ್ನು ಅಳಿಸಿ ಹಾಕಿದೆ.

೪
ಮದುವೆಮನೆ ತುಂಬಿದೆ. ಹಿರಿಯರು ಏಲ್ದಿಯಾರನನ್ನು ನಿಲ್ಲಿಸಿ, "ಹೇಳಪ್ಪ, ನಿನ್ನ ಏಳು ಹೆಸರು," ಅಂದಿದ್ದಾರೆ. ನಾಲ್ಕು ಹೇಳಿದ. ನನ್ನ ಬೆರಳು ಅಲ್ಲೇ ನಿಂತುಬಿಟ್ಟಿತು.

ಅತ್ತೆ ಹಾಳೆಯನ್ನು ನೋಡಿದರು, ನನ್ನನ್ನು ನೋಡಿದರು, ಬಾಗಿಲ ಕಡೆ ಒಮ್ಮೆ ಕಣ್ಣು ಹಾಯಿಸಿ ದನಿ ತಗ್ಗಿಸಿದರು.

"ಐದನೇದು ಹೇಳುವಾಗ ಯಾರಾದ್ರೂ ಜೋರಾಗಿ ಕೆಮ್ಲಿ ಬಿಡೇ."

"ಅಪಾ! ನೀವಾ ಈ ಮಾತು ಹೇಳ್ತಿರೋದು?"

"ಮತ್ತೆ? ನಿನ್ನ ಮದುವೇಲಿ ನಿನ್ನ ಗಂಡ ಐದನೇ ಹೆಸರು ಹೇಳುವಾಗ ನಿನ್ನ ಮಾವ ಅಷ್ಟು ಕೆಮ್ಮಿದ್ರಲ್ಲ, ನೆಗಡಿ ಅಂದ್ಕೊಂಡ್ಯಾ?"

೫ (ಅಂತ್ಯ ಅಲ್ಲ)
ಓದುಗರೇ, ಪತ್ರಿಕೆಯಿಂದ ಫೋನಿನ ಮೇಲೆ ಫೋನು. ಏಲ್ದಿಯಾರ ಐದನೇ ಹೆಸರಿಗೆ ಉಸಿರೆಳೆದುಕೊಂಡು ನಿಂತಿದ್ದಾನೆ, ಬೂರುಲ್ ನನ್ನನ್ನೇ ನೋಡುತ್ತಿದ್ದಾಳೆ. ಪಕ್ಕದ ಕೋಣೆಯಿಂದ ನನ್ನ ಗಂಡ "ಚಹಾ ಆಯ್ತಾ?" ಅಂತ ಕೂಗುತ್ತಿದ್ದಾನೆ. ಉತ್ತರ ಕೊಡೋಣವೆಂದು ಬಾಯಿ ತೆರೆದರೆ ಬರೀ ಕೆಮ್ಮು ಬರುತ್ತಿದೆ