ಮೈಕಿನ ಮುಂದೆ ಹೆಣೆದ ಚಾಪೆ

ಊರ್ಮಿಳಾ ರೈಯ ಮಗಳು ಪ್ರೀತಿಕಾ ಡೆಂಗಿ ಜ್ವರದಲ್ಲಿ ತೀರಿಕೊಂಡಳು. ಕಾಲೇಜಿಗೆ ಹೋಗುತ್ತಿದ್ದ ಹುಡುಗಿ. ಐಸಿಯುವಿನ ಹೊರಗಿನ ಕುರ್ಚಿಯಲ್ಲಿ ಕೂತು ಊರ್ಮಿಳಾ ನಾಲಗೆ ಒಣಗುವಷ್ಟು ದೇವರನ್ನು ಕರೆದಿದ್ದಳು. ಹೆಣ ಪುತ್ತೂರಿನ ದರ್ಬೆಯ ಮನೆಗೆ ಬಂದ ಮೇಲೆ ದೇವರ ಹೆಸರು ಅವಳ ಬಾಯಿಗೆ ಬರಲಿಲ್ಲ. ದೇವರ ಕೋಣೆಗೆ ಹೋದರೆ ಮೈಯೆಲ್ಲ ಉರಿ. ಗಂಡ ಉದಯಶಂಕರನೇ ದೀಪ ಹಚ್ಚತೊಡಗಿದ.

ಸ್ವಲ್ಪ ದಿನ ತವರಿನಲ್ಲಿರಲಿ ಎಂದು ಈಶ್ವರಮಂಗಲಕ್ಕೆ ಕಳಿಸಿದರು. ಅಲ್ಲಿ ನೆರೆಮನೆಯ ಕುಂಞಿಪಾತುಮ್ಮ ಜಗಲಿಯಲ್ಲಿ ಕೂತು ಕೇದಗೆಯಂಥ ಮುಂಡೇವಿನ ಓಲೆಯ ಚಾಪೆ ಹೆಣೆಯುತ್ತಿದ್ದಳು. ಬಂದವರೆಲ್ಲ ಹೇಳುವ ಸಮಾಧಾನದ ಮಾತು ಆ ಮುದುಕಿ ಹೇಳಲಿಲ್ಲ. "ಕೂತ್ಕೋ. ಆ ಓಲೆಯ ಮುಳ್ಳು ತೆಗಿ," ಎಂದಳು ಅಷ್ಟೆ.

ಮುಳ್ಳು ತೆಗೆದು, ಬೇಯಿಸಿ, ಒಣಗಿಸಿ, ಸೀಳಿ, ಕೊನೆಗೆ ಊರ್ಮಿಳಾ ಹೆಣೆಯಲು ಕಲಿತಳು. ಒಂದು ಎಳೆ ಮೇಲೆ, ಒಂದು ಎಳೆ ಕೆಳಗೆ. ಒಂದು ಮಧ್ಯಾಹ್ನ ಪಾತುಮ್ಮ ತಲೆಯೆತ್ತಿ ನೋಡಿದಳು. ಊರ್ಮಿಳಾಳ ತುಟಿ ಆಡುತ್ತಿತ್ತು. ಕೃಷ್ಣಾ, ಪ್ರೀತಿಕಾ, ಕೃಷ್ಣಾ, ಪ್ರೀತಿಕಾ. ಬಯ್ಗುಳವೂ ಅಲ್ಲ, ಬೇಡಿಕೆಯೂ ಅಲ್ಲ. ಆ ರಾತ್ರಿ ಅವಳಿಗೆ ಮಾತ್ರೆ ಇಲ್ಲದೆ ನಿದ್ದೆ ಬಂತು.

ಓಲೆಯ ಸುರುಳಿಗಳನ್ನು ಕಟ್ಟಿಕೊಂಡು ದರ್ಬೆಗೆ ವಾಪಸಾದಳು. ಹಿತ್ತಿಲ ಜಗಲಿಯಲ್ಲಿ ದಿನವೂ ಆ ಎರಡು ಹೆಸರು ಹೇಳುತ್ತ ಹೆಣೆಯುವಳು. ಮಗ ಸಂಪ್ರೀತ್ ಕಿಟಕಿಯಿಂದ ಮೊಬೈಲಿನಲ್ಲಿ ಚಿತ್ರೀಕರಿಸಿದ್ದು ಅವಳಿಗೆ ಗೊತ್ತಾಗಲಿಲ್ಲ. 'ತೀರಿಹೋದ ಮಗಳಿಗಾಗಿ ತಾಯಿಯ ಜಪ' ಎಂದು ಹೆಸರಿಟ್ಟು ಜಾಲತಾಣಕ್ಕೆ ಹಾಕಿದ. ಊರೆಲ್ಲ ನೋಡಿತು. ಚಾಪೆ ಬೇಕೆಂದು ಫೋನುಗಳು ಬಂದವು.

"ಹೇಳದೆ ಯಾಕೆ ಹಾಕಿದ್ದು ಮಾರಾಯ?"

"ತಂಗಿಯ ಹೆಸರು ಉಳೀತದಲ್ಲ ಅಮ್ಮ," ಎಂದ. ಅವನ ಕಣ್ಣಲ್ಲೂ ನೀರಿತ್ತು. ಅವಳಿಗೆ ಬಯ್ಯಲಾಗಲಿಲ್ಲ.

ಪುತ್ತೂರಿನ ಒಂದು ಮಹಿಳಾ ಸಂಘ ಸನ್ಮಾನಕ್ಕೆ ಕರೆಯಿತು. ಮಗ ಒತ್ತಾಯಿಸಿದ, ಹೋದಳು. ಶಾಲು ಹೊದೆಸಿದ ಮೇಲೆ ನಿರೂಪಕಿ ವೇದಿಕೆಯ ಮೇಲೆ ಅರ್ಧ ಹೆಣೆದ ಚಾಪೆ ಹಾಸಿ, ಮೈಕನ್ನು ಬಗ್ಗಿಸಿ ಅವಳ ಬಾಯಿಯ ಹತ್ತಿರ ಹಿಡಿದಳು. "ಅಕ್ಕ, ಸ್ವಲ್ಪ ಹೆಣೆದು ತೋರಿಸಿ. ಆ ಜಪವೂ ಕೇಳಲಿ."

ಊರ್ಮಿಳಾ ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಹೆಣೆದಳು. ಕೃಷ್ಣಾ, ಪ್ರೀತಿಕಾ ಎಂದಳು. ಸಭಾಂಗಣದ ಸ್ಪೀಕರುಗಳಿಂದ ಮಗಳ ಹೆಸರು ಬೇರೆ ಯಾರದೋ ದನಿಯಲ್ಲಿ ವಾಪಸು ಬಂತು. ಮುಂದಿನ ಸಾಲಿನವರು ಕಣ್ಣೊರೆಸಿಕೊಂಡರು. ಆಮೇಲೆ ಚಪ್ಪಾಳೆ.

ಮರುದಿನದಿಂದ ಕೈ ಮಾತ್ರ ಆಡಿತು. ಹೆಸರು ಹೇಳಲು ಹೊರಟರೆ ಯಾರೋ ಕೇಳುತ್ತಿದ್ದಾರೆ ಅನಿಸಿ ಕಿಟಕಿಯ ಕಡೆ ತಿರುಗಿ ನೋಡುವಳು, ಹೆಸರು ಅಲ್ಲಿಗೇ ನಿಲ್ಲುತ್ತಿತ್ತು. ಬಸ್ಸು ಹತ್ತಿ ಪಾತುಮ್ಮನ ಜಗಲಿಗೆ ಹೋಗಿ ಅತ್ತಳು.

"ನಿನ್ನ ಮಗ ಇಲ್ಲಿಗೂ ಬಂದಿದ್ದ, ವಿಡಿಯೋ ಮಾಡ್ಲಿಕ್ಕೆ," ಎಂದಳು ಪಾತುಮ್ಮ. "ಓಲೆ ಕೊಯ್ಯುವ ಕತ್ತಿ ತೋರಿಸಿ ಓಡಿಸಿದೆ. ನೀನು ಯಾಕೆ ಸ್ಟೇಜಿಗೆ ಹತ್ತಿದ್ದು?"

"ಮಗ ಅಲ್ವಾ ಉಮ್ಮ."

"ಹ್ಞಾಂ. ಮಗ." ಮುದುಕಿ ಮತ್ತೆ ಕೆಲಸಕ್ಕೆ ಬಗ್ಗಿದಳು. "ಇನ್ನು ಎಂತ ಮಾಡುದು ಅಂತ ನನಗೂ ಗೊತ್ತಿಲ್ಲ ಮೋಳೆ," ಎಂದಳು, ಮಗಳನ್ನು ಕರೆಯುವ ಹಾಗೆ.

ಮನೆಗೆ ಬಂದು ಆ ವಿಡಿಯೋ ತೆಗೆದುಹಾಕು ಎಂದಳು. ಸಂಪ್ರೀತ್ ಆ ರಾತ್ರಿಯೇ ಅಳಿಸಿದ. "ಆದರೆ ಎಷ್ಟೋ ಜನ ಇಳಿಸಿಕೊಂಡು ಹಂಚಿದ್ದಾರೆ ಅಮ್ಮ. ಅದನ್ನೆಲ್ಲ ನನ್ನಿಂದ ತೆಗೀಲಿಕ್ಕೆ ಆಗುದಿಲ್ಲ."

ಅವನು ಹೇಳಿದ್ದು ನಿಜವೇ. ಮುಂದಿನ ವಾರ ತರಕಾರಿ ಅಂಗಡಿಯಲ್ಲಿ ಅಪರಿಚಿತ ಹೆಂಗಸೊಬ್ಬಳು ಅವಳ ಕೈ ಹಿಡಿದುಕೊಂಡಳು. "ನೀವೇ ಅಲ್ವಾ? ನಿಮ್ಮ ಜಪ ಕೇಳಿದರೆ ಮನಸ್ಸಿಗೆ ಎಷ್ಟು ಶಾಂತಿ ಅಂತೀರಿ! ನಾನು ದಿನಾ ಮಲಗುವಾಗ ಹಾಕಿಕೊಳ್ಳುದು."

ಊರ್ಮಿಳಾ ಕೈ ಬಿಡಿಸಿಕೊಂಡು, ಬೆಂಡೆಕಾಯಿ ಆರಿಸತೊಡಗಿದಳು.