ಕ್ವಾರಿ ತಿರುವಿನಲ್ಲಿ ಐದನೇ ಟವರು

ಬಸ್ ಡಿಪೋದಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಹದಿನಾರು ವರ್ಷದಿಂದ ಬಸ್ಸು ಓಡಿಸುತ್ತಿದ್ದ ಅವಳು ಯಾರು ಏನೇ ಹೇಳಲಿ, ‘ಯಾಕೆ?’ ಎಂದು ಕೇಳದೆ ಬಿಟ್ಟವಳಲ್ಲ. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಯಾಕಕ್ಕ. ಅಲ್ಲೇ ಡ್ರೈವರಾಗಿದ್ದ ಮೈದುನನೊಬ್ಬ ಮಾತ್ರ ‘ಅತ್ತಿಗೆ’ ಎನ್ನುತ್ತಿದ್ದ. ಅದೂ ಬಹುಪಾಲು ಕಾಲೆಳೆಯುವುದಕ್ಕೇ.

ಬಸ್ಸುಗಳಿಗೆಲ್ಲ ಹೊಸ ರೇಡಿಯೋ ಕೂರಿಸಿದ ದಿನ ಡ್ರೈವರುಗಳನ್ನು ಶೆಡ್ಡಿನಲ್ಲಿ ಕೂಡಿಹಾಕಿ ಪಾಠ ಮಾಡಿದರು. ಹೇಳಿಕೊಟ್ಟವಳು ರೇಡಿಯೋ ಕಂಪನಿಯ ಇಂಜಿನಿಯರಮ್ಮ.

“ಮೊದ್ಲು ಎಲ್ರಿಗೂ ಸೇರಿ ಒಂದೇ ಚಾನೆಲ್ ಇತ್ತು. ಒಬ್ರು ಮಾತಾಡ್ತಿದ್ರೆ ಉಳಿದವ್ರು ಬಾಯಿ ಮುಚ್ಕೊಂಡಿರ್ಬೇಕಿತ್ತು. ಈಗ ನೀವು ಗುಂಡಿ ಒತ್ತಿದ ತಕ್ಷಣ ಯಾವ ಚಾನೆಲ್ ಖಾಲಿ ಇದೆಯೋ ಅದನ್ನ ಯಂತ್ರವೇ ಹುಡುಕಿ ಕೊಡುತ್ತೆ. ‘ಟಿರ್ರ್’ ಅಂದ್ರೆ ಮಾತಾಡಿ. ‘ಬೊಂಯ್’ ಅಂದ್ರೆ ಕರೆ ಹೋಗಲ್ಲ ಅಂತ. ಗ್ರೂಪ್ ಕರೆ ಮಾಡಿದ್ರೆ ಇಡೀ ಡಿಪೋಗೆ ಕೇಳುತ್ತೆ. ಒಬ್ರ ಹತ್ರ ಮಾತ್ರ ಮಾತಾಡ್ಬೇಕಾದ್ರೆ ಅವ್ರ ಬಸ್ ನಂಬರ್ ಒತ್ತಿ ಖಾಸಗಿ ಕರೆ ಮಾಡಿ.”

ಯಾಕಕ್ಕ ಕೈ ಎತ್ತಿದಳು. ಹಿಂದಿನ ಬೆಂಚಿನಿಂದ ಯಾರೋ “ಶುರುವಾಯ್ತು” ಎಂದರು.

“ಬಸ್ಸು ಓಡ್ತಾನೇ ಇರುತ್ತಲ್ಲ, ಯಾವ ಟವರ್ ಹಿಡೀಬೇಕು ಅಂತ ಇದಕ್ಕೆ ಹೇಗೆ ಗೊತ್ತಾಗುತ್ತೆ?”

“ಒಂದು ಟವರಿನ ಸಿಗ್ನಲ್ ತೀರಾ ಕುಗ್ಗಿದ್ರೆ ಇನ್ನೊಂದನ್ನ ತಾನೇ ಹಿಡ್ಕೊಳುತ್ತೆ. ಅದೇ ರೋಮಿಂಗ್. ಈ ರೋಮ್ ಗುಂಡಿ ಒಂದ್ಸಲ ಒತ್ತಿ, ಟವರಿನ ನಂಬರ್ ತೋರಿಸುತ್ತೆ. ಒತ್ತಿ ಹಿಡಿದ್ರೆ ಇರೋದನ್ನ ಬಿಟ್ಟು ಹೊಸದಾಗಿ ಹುಡುಕುತ್ತೆ.”

“ಇರೋದನ್ನ ಯಾಕೆ ಬಿಡ್ಬೇಕು?”

“ಅಂಥ ಪ್ರಸಂಗ ಬರೋದೇ ಇಲ್ಲ ಬಿಡಿ.”

“ಅತ್ತಿಗೆ, ಟವರಿನ ಪ್ರಾಣನಾದ್ರೂ ಉಳಿಸಿ,” ಎಂದ ಮೈದುನ. ಶೆಡ್ಡಿಗೆ ಶೆಡ್ಡೇ ನಕ್ಕಿತು.

ಯಾಕಕ್ಕನಿಗೆ ಮಾತ್ರ ಆ ಉತ್ತರ ಗಂಟಲಲ್ಲಿ ಇಳಿಯಲಿಲ್ಲ. ಮಾರನೆಯ ದಿನದಿಂದ ಬಸ್ಸು ಎಲ್ಲಿ ನಿಂತರೂ ರೋಮ್ ಗುಂಡಿ ಒತ್ತಿ ನಂಬರು ನೋಡುವುದು, ಚೀಟಿಯಲ್ಲಿ ಗೀಚುವುದು. ಆಸ್ಪತ್ರೆಯ ಮುಂದೆ ಒಂದು, ಮರದ ಮಿಲ್ಲಿನ ಹತ್ತಿರ ಎರಡು. ಎಲ್ಲ ಸರಿಯಾಗಿಯೇ ಇತ್ತು, ಕ್ವಾರಿ ತಿರುವೊಂದನ್ನು ಬಿಟ್ಟು. ಅಲ್ಲಿ ತಲೆಯ ಮೇಲಿನ ಗುಡ್ಡದಲ್ಲೇ ಮೂರನೇ ಟವರು ಗೂಟ ಹೊಡೆದಂತೆ ನಿಂತಿದೆ. ಆದರೆ ರೇಡಿಯೋ ತೋರಿಸಿದ್ದು ಐದು! ಐದನೆಯದು ಇದ್ದದ್ದು ಜಲಾಶಯದ ಆಚೆ ದಡದಲ್ಲಿ, ಕಣ್ಣಿಗೂ ಕಾಣದಷ್ಟು ದೂರ.

ಇನ್ನೂ ಒಂದು ವಿಚಿತ್ರ. ಒಂದು ದಿನ ಅದೇ ತಿರುವಿನಲ್ಲಿ ಕಲ್ಲಿನ ಲಾರಿಯ ಹಿಂದೆ ಬಸ್ಸು ಸಿಕ್ಕಿಕೊಂಡಾಗ ಗ್ರೂಪ್ ಕರೆಗೆ ‘ಬೊಂಯ್’ ಎಂದಿತು. ಮರುಕ್ಷಣವೇ ಡಿಪೋದ ಕಂಟ್ರೋಲ್ ರೂಮಿನಿಂದ ಮೇಷ್ಟ್ರ ಖಾಸಗಿ ಕರೆ ಪಕ್ಕದಲ್ಲೇ ಕೂತು ಮಾತಾಡಿದಷ್ಟು ಸ್ಪಷ್ಟವಾಗಿ ಬಂತು. ಎಲ್ಲರ ಮಾತನ್ನೂ ತಿದ್ದುತ್ತಿದ್ದುದರಿಂದ ಕಂಟ್ರೋಲರಿಗೆ ಮೇಷ್ಟ್ರು ಎಂಬ ಹೆಸರು. ಯಾಕಕ್ಕ ಇಂಜಿನಿಯರಮ್ಮನಿಗೆ ಫೋನು ಮಾಡಿ ಎರಡನ್ನೂ ಹೇಳಿದಳು. “ನೋಡ್ತೀನಿ” ಎಂಬ ಉತ್ತರ ಬಂತು, ನೋಡಿದ ಸುದ್ದಿ ಬರಲಿಲ್ಲ.

ಎರಡು ವಾರ ಕಳೆಯಿತು. ಒಂದು ಮಧ್ಯಾಹ್ನ ಯಾಕಕ್ಕ ಕೊನೆಯ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿ ನೀರು ಕುಡಿಯುತ್ತಿದ್ದಳು. ರೇಡಿಯೋದಲ್ಲಿ ಮೇಷ್ಟ್ರು ಗ್ರೂಪ್ ಕರೆ ಮಾಡಿ ಮೈದುನನ ಬಸ್ಸನ್ನು ಒಂದೇ ಸಮನೆ ಕೂಗುತ್ತಿದ್ದರು.

“ನಲವತ್ತೆರಡು, ಉತ್ತರಿಸಿ. ಅರ್ಧ ಗಂಟೆ ತಡವಾಗಿದ್ದೀರಿ. ಉತ್ತರಿಸಿ.”

ಮೈದುನನ ದಾರಿ ಕ್ವಾರಿಯ ಮೇಲೇ ಹೋಗುತ್ತಿತ್ತು, ಮೊಬೈಲಿಗೆ ಅಲ್ಲಿ ಮೊದಲಿನಿಂದಲೂ ಸಿಗ್ನಲ್ಲಿಲ್ಲ. ಯಾಕಕ್ಕನಿಗೆ ಆ ‘ಬೊಂಯ್’ ನೆನಪಾಯಿತು. ನಲವತ್ತೆರಡನ್ನು ಒತ್ತಿ ಖಾಸಗಿ ಕರೆ ಮಾಡಿದಳು. ಎರಡು ಸಲ ರಿಂಗಾಯಿತು.

“ಅತ್ತಿಗೇ!” ಮೈದುನ ಕೂಗಿದ. “ಆಗಿಂದ ಗುಂಡಿ ಒತ್ತೀ ಒತ್ತೀ ಸಾಕಾಯ್ತು, ಬರೀ ಬೊಂಯ್ ಅನ್ನುತ್ತೆ. ಗೇರ್‌ಬಾಕ್ಸ್ ಕೈ ಕೊಟ್ಟಿದೆ. ವಾರವಾರ ಆಸ್ಪತ್ರೆಗೆ ಹೋಗೋ ಟೈಲರಜ್ಜ ಬಸ್ಸಲ್ಲೇ ಇದಾರೆ, ಇವತ್ತು ಅವ್ರಿಗೆ ಡಯಾಲಿಸಿಸ್. ಮುಖ ಊದ್ಕೊಂಡಿದೆ, ಏದುಸಿರು ಬಿಡ್ತಿದಾರೆ.”

“ಹೆದರ್ಬೇಡ. ರೋಮ್ ಗುಂಡಿ ಒತ್ತು. ಎಷ್ಟು ತೋರಿಸುತ್ತೆ?”

“ಐದು.”

“ಹಾಗಿದ್ರೆ ಈ ಕರೆ ಮುಗಿದ ಮೇಲೆ ಅದನ್ನೇ ಒತ್ತಿ ಹಿಡ್ಕೋ. ಮೂರು ಬರೋವರೆಗೂ ಬಿಡ್ಬೇಡ. ಬಂದ ಮೇಲೆ ಮೇಷ್ಟ್ರನ್ನ ಕರಿ.”

“ಬರುತ್ತಾ ಅತ್ತಿಗೆ?”

“ನಂಗೂ ಗೊತ್ತಿಲ್ಲ ಕಣೋ. ಮಾಡಿ ನೋಡು!”

ಅವಳು ಕರೆ ಮುಗಿಸಿ ರೇಡಿಯೋವನ್ನೇ ದಿಟ್ಟಿಸಿದಳು. ಆತಂಕ ಒಂದು ಕಡೆ. ಮೂರು ಸಿಕ್ಕೀತೇ ಎಂಬ ಕುತೂಹಲ ಇನ್ನೊಂದು ಕಡೆ. ಇಂಥ ಹೊತ್ತಿನಲ್ಲೂ ಇದೇ ಯೋಚನೆಯಾ ಎಂದು ತನ್ನ ಮೇಲೇ ನಾಚಿಕೆಯೂ ಆಯಿತು. ಮನಸ್ಸಿನಲ್ಲೇ ಒಂಬತ್ತರವರೆಗೆ ಎಣಿಸಿದ್ದಳು, ‘ಟಿರ್ರ್’ ಎಂದಿತು.

“ಮೇಷ್ಟ್ರೇ, ನಲವತ್ತೆರಡು! ಕ್ವಾರಿ ತಿರುವಲ್ಲಿದ್ದೀನಿ. ಆಂಬುಲೆನ್ಸ್ ಬೇಕು!”

ಆಂಬುಲೆನ್ಸು ಇಪ್ಪತ್ತು ನಿಮಿಷದಲ್ಲಿ ತಿರುವು ಮುಟ್ಟಿತು. ಆಸ್ಪತ್ರೆಯಲ್ಲಿ ಟೈಲರಜ್ಜನನ್ನು ನೇರ ಡಯಾಲಿಸಿಸ್ ಯಂತ್ರಕ್ಕೇ ಹಾಕಿದರು. ಸಂಜೆಗೆ ಉಸಿರು ಹದಕ್ಕೆ ಬಂದು, ಬಸ್ಸಿನಲ್ಲಿ ಬಿಟ್ಟುಬಂದ ಕೊಡೆಯ ಬಗ್ಗೆ ತಗಾದೆ ತೆಗೆದರಂತೆ.

ಮೂರನೆಯ ದಿನ ಇಂಜಿನಿಯರಮ್ಮ ತಾನಾಗಿಯೇ ಡಿಪೋಗೆ ಬಂದಳು. “ನೀವು ಹೇಳಿದಾಗ್ಲೇ ನಾನು ಬರ್ಬೇಕಿತ್ತು, ತಪ್ಪಾಯ್ತು,” ಎಂದು ಯಾಕಕ್ಕನನ್ನು ಜೀಪಿನಲ್ಲಿ ಕೂರಿಸಿಕೊಂಡು ಮೂರನೇ ಟವರಿನ ಬುಡಕ್ಕೆ ಕರೆದೊಯ್ದಳು.

“ಮೇಲಿರೋ ಆಂಟೆನಾ ಸಿಗ್ನಲ್ಲನ್ನ ದೂರಕ್ಕೆ ಎಸೆಯುತ್ತೆ, ಪೈಪಿನ ನೀರು ಚಿಮ್ಮಿದ ಹಾಗೆ. ಕಾಲ ಬುಡಕ್ಕೆ ಬೀಳೋದು ಅಷ್ಟಕ್ಕಷ್ಟೇ. ಐದನೆಯದಕ್ಕೆ ನೀರಿನ ಮೇಲೆ ಅಡ್ಡ ಏನೂ ಇಲ್ಲ, ನುಗ್ಗಿ ಬರುತ್ತೆ. ಜಲಾಶಯದ ದಾರೀಲಿ ಅದನ್ನ ಹಿಡಿದ ರೇಡಿಯೋ ಇಲ್ಲಿ ಬಂದ್ಮೇಲೂ ಬಿಡಲ್ಲ.”

“ಮತ್ತೆ ಬೊಂಯ್?”

“ಐದನೆಯದರ ಪಟ್ಟಿಯಲ್ಲಿ ನಿಮ್ಮ ಡಿಪೋ ಗ್ರೂಪನ್ನ ಸೇರಿಸಿರ್ಲಿಲ್ಲ. ಬಸ್ಸಿನ ನಂಬರು ಅದಕ್ಕೆ ಗೊತ್ತು, ಗ್ರೂಪ್ ಗೊತ್ತಿಲ್ಲ. ಹಾಗಾಗಿ ಖಾಸಗಿ ಕರೆ ಹೋಯ್ತು. ಇವತ್ತು ಬೆಳಗ್ಗೆ ಸೇರಿಸಿದೆ.”

ಕೆಳಗೆ ತಿರುವಿನಲ್ಲಿ ಮೈದುನನ ಬಸ್ಸು ಕಾಣಿಸಿತು. ರಸ್ತೆಬದಿಗೆ ನಿಂತಿತು. ಇಂಜಿನಿಯರಮ್ಮನ ಕೈಯಲ್ಲಿದ್ದ ರೇಡಿಯೋ ಸೆಟ್ಟು ‘ಟಿರ್ರ್’ ಎಂದಿತು.

“ನಲವತ್ತೆರಡು. ಐದನೇ ಟವರಲ್ಲೇ ಇದ್ದೀನಿ, ಗ್ರೂಪಲ್ಲಿ ಕೇಳ್ತಿದೆಯಾ?”

“ಕೇಳ್ತಿದೆ,” ಎಂದರು ಡಿಪೋದಿಂದ ಮೇಷ್ಟ್ರು, ಮೊದಲ ಬಾರಿಗೆ ಯಾರನ್ನೂ ತಿದ್ದದೆ.

ಯಾಕಕ್ಕ ಗುಡ್ಡದ ಅಂಚಿಗೆ ಹೋಗಿ, ಕೈಯನ್ನು ಹಣೆಗೆ ಅಡ್ಡ ಹಿಡಿದು ನೀರಿನಾಚೆ ನೋಡಿದಳು. ಬಹಳ ಹೊತ್ತು ಹುಡುಕಿದ ಮೇಲೆ ಬಿಸಿಲಿನ ಮಬ್ಬಿನಲ್ಲಿ ಸೂಜಿಯಷ್ಟು ಸಣ್ಣದೊಂದು ಗೆರೆ ಕಂಡಂತಾಯಿತು.