ಮೂರು ಮತಗಳ ಅಂತರ

ಶಾಲೆಯ ಬೆಂಚಿನ ಮೇಲೆ ಮತಪತ್ರಗಳ ಕಟ್ಟುಗಳನ್ನು ಸಾಲಾಗಿ ಇಟ್ಟಿದ್ದೆವು. ಪ್ರತಿ ಕಟ್ಟಿಗೂ ಬಿಳಿ ನೂಲು ಸುತ್ತಿ, ನೂಲಿನ ಅಡಿಯಲ್ಲಿ ಒಂದು ಚೀಟಿ ಸಿಕ್ಕಿಸಿದ್ದೆವು. ಚೀಟಿಯ ಮೇಲೆ ಐವತ್ತು ಎಂಬ ಅಂಕಿ, ಅದರ ಕೆಳಗೆ ಎರಡು ಸಹಿ. ಎರಡನೆಯ ಸಹಿ ನನ್ನದು. ಆ ಸಾಲನ್ನು ನೆನೆದಾಗ ಈಗಲೂ ನನ್ನ ಕಣ್ಣು ಎಡದಿಂದ ನಾಲ್ಕನೆಯ ಕಟ್ಟಿನ ಮೇಲೆ ಹೋಗಿ ನಿಲ್ಲುತ್ತದೆ.

ಆಗ ನಾನು ನಮ್ಮೂರಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದೆ. ಪುರಸಭೆಯ ಚುನಾವಣೆಯ ಮತ ಎಣಿಕೆಗೆ ಸರ್ಕಾರಿ ನೌಕರರನ್ನೆಲ್ಲ ಹಾಕುವಂತೆ ನನ್ನನ್ನೂ ಹಾಕಿದ್ದರು. ಏಳನೆಯ ವಾರ್ಡಿನ ಮೇಜು ನನ್ನ ಪಾಲಿಗೆ ಬಂದಿತ್ತು. ಅಲ್ಲಿ ಸ್ಪರ್ಧಿಸಿದ್ದವರು ಇಬ್ಬರೇ. ಒಬ್ಬರು ಸರ್ವಮಂಗಳ ಟೀಚರ್. ನನಗೆ ಏಳನೆಯ ತರಗತಿಯಲ್ಲಿ ಲೆಕ್ಕ ಕಲಿಸಿದವರು. ಮುಂದೆ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಇನ್ನೊಬ್ಬ ಹಿಟ್ಟಿನ ಗಿರಣಿಯ ಮಾಳಿಗಯ್ಯ. ನಾಲ್ಕನೆಯ ಕ್ಲಾಸಿಗೇ ಶಾಲೆ ಬಿಟ್ಟವನು, ವಾರ್ಡಿನ ಪ್ರತಿ ಮನೆಯವರನ್ನೂ ಹೆಸರು ಹಿಡಿದು ಕರೆಯಬಲ್ಲವನು.

ಮಾಳಿಗಯ್ಯನಿಗೆ ಐನೂರ ಅರವತ್ತೆರಡು, ಟೀಚರಿಗೆ ಐನೂರ ಐವತ್ತೊಂಬತ್ತು. ಮೂರು ಮತಗಳ ಅಂತರ.

ಎಣಿಕೆಯ ಆ ಮಧ್ಯಾಹ್ನ ಮೋಡ ಕವಿದು ಕರೆಂಟು ಹೋಗಿತ್ತು. ಪೆಟ್ರೊಮ್ಯಾಕ್ಸ್ ತಂದು ಹಚ್ಚುವವರೆಗೆ ಹತ್ತು ನಿಮಿಷ ಕೋಣೆಯಲ್ಲಿ ಮಬ್ಬುಗತ್ತಲೆ. ಟೀಚರ ಪರವಾಗಿ ಕೂತಿದ್ದ ಏಜೆಂಟ್ ಆಗಲೇ ಎದ್ದು ಹೊರಗೆ ಹೋಗಿದ್ದ. ಫಲಿತಾಂಶ ಬಂದ ಸಂಜೆಯೇ ಊರಿನ ಬಾಯಿಗೆ ಆ ಹತ್ತು ನಿಮಿಷ ಸಿಕ್ಕಿತು. ಮಾರನೆಯ ದಿನಕ್ಕೆ ಹತ್ತು ನಿಮಿಷ ಅರ್ಧ ಗಂಟೆಯಾಯಿತು. ವಾರ ಕಳೆಯುವಷ್ಟರಲ್ಲಿ ಕತ್ತಲಲ್ಲಿ ಕಿಟಕಿಯಿಂದ ಒಂದು ಕೈ ಬಂದಿತ್ತೆಂದು ಹೇಳುವವರೂ ಹುಟ್ಟಿಕೊಂಡರು.

ಭಾನುವಾರದ ಬೆಳಿಗ್ಗೆ ಟೀಚರ ಮನೆಗೆ ಹೋಗಿ ಪೇಪರು ಓದುತ್ತ ಕೂರುವುದು ನನಗೆ ಹಲವು ವರ್ಷಗಳ ಅಭ್ಯಾಸ. ಫಲಿತಾಂಶದ ನಂತರದ ಎರಡನೆಯ ಭಾನುವಾರ ಹೋದಾಗ ಜಗಲಿಯ ಮೇಲೆ ವಕೀಲ ಪಾಂಡುರಂಗಯ್ಯನವರು ಕೂತಿದ್ದರು. ಅವರೂ ಟೀಚರೂ ಒಂದೇ ಬೀದಿಯಲ್ಲಿ ಬೆಳೆದವರು.

"ಕೇಸು ಹಾಕೋಣ ಅಂತಿದೀನಿ ಕಣೋ," ಎಂದರು ಟೀಚರ್, ಕಾಫಿಯ ಲೋಟ ನನ್ನ ಕೈಗೆ ಕೊಡುತ್ತ. "ಇನ್ನೊಂದ್ ಸಲ ಎಣಿಸ್ಲಿ ಅಂತ. ನಿಂಗೇನನ್ಸುತ್ತೆ?"

ನನಗೆ ಅನಿಸಿದ್ದನ್ನು ನಾನು ಸುಮಾರು ಅರ್ಧ ಗಂಟೆ ಹೇಳಿದೆ. ಸೋತವರೆಲ್ಲ ಕೋರ್ಟಿನ ಮೆಟ್ಟಿಲು ಹತ್ತಿದರೆ ಚುನಾವಣೆ ಯಾಕೆ ಬೇಕು ಎಂದೆ. ಸಾವಿರ ಜನ ಬಿಸಿಲಲ್ಲಿ ನಿಂತು ಒತ್ತಿದ ಮುದ್ರೆಗಿಂತ ಒಬ್ಬ ಜಡ್ಜಿಯ ಸಹಿ ದೊಡ್ಡದೇ ಎಂದು ಕೇಳಿದೆ. ಗೆದ್ದವನು ಕೆಲಸ ಮಾಡಬೇಕಾದ ಕಾಲವೆಲ್ಲ ಕೋರ್ಟಿನ ಕಟಕಟೆಯಲ್ಲಿ ಕಳೆದುಹೋಗುತ್ತದೆ, ನಷ್ಟ ವಾರ್ಡಿನವರಿಗೆ ಎಂದೆ. ಒಳ್ಳೆಯ ವಾದಗಳು. ಅವುಗಳಲ್ಲಿ ಯಾವುದನ್ನೂ ನಾನು ಇಂದಿಗೂ ಸುಳ್ಳೆನ್ನಲಾರೆ.

ವಕೀಲರು ತಲೆದೂಗಿದರು. "ಮೇಷ್ಟ್ರು ಹೇಳೋದ್ರಲ್ಲಿ ಹುರುಳಿದೆ ಮಂಗಳಮ್ಮ. ಇಂಥ ಅರ್ಜಿ ಹತ್ತು ಬಂದ್ರೆ ಒಂಬತ್ತು ಬಿದ್ದೋಗ್ತವೆ. ಅನುಮಾನ ಇದೆ ಅಂದ್ರೆ ಕೋರ್ಟು ಚೀಲ ಬಿಚ್ಸಲ್ಲ. ಜನ ಗುಟ್ಟಾಗಿ ಹಾಕಿದ ಓಟು ಅದು. ಎಲ್ಲಿ ತಪ್ಪಾಯ್ತು, ಹ್ಯಾಗಾಯ್ತು ಅಂತ ಬೆರಳಿಟ್ಟು ತೋರಿಸ್ಬೇಕು. ಅದೂ ಅಲ್ದೆ, ಮರು ಎಣಿಕೆ ಅವತ್ತೇ ಕೇಳ್ಬೇಕಿತ್ತು, ನೀವು ಕೇಳ್ಲಿಲ್ಲ."

"ಅವತ್ತು ತೋಚಲಿಲ್ಲ ಪಾಂಡು."

"ತೋಚಲಿಲ್ಲ ಅಂದ್ರೆ ಕಾನೂನು ಕೇಳುತ್ತಾ?"

ಟೀಚರ್ ವಕೀಲರ ಖಾಲಿ ಲೋಟ ಎತ್ತಿ ಪಕ್ಕಕ್ಕಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ನಾನು ಸೋತೆ ಅಂತ ಹೋಗ್ತಿಲ್ಲ ಕಣೋ. ಸೋತ್ನೋ ಇಲ್ವೋ ಗೊತ್ತಾಗ್ಲಿ ಅಂತ ಹೋಗ್ತಿದೀನಿ. ಎರಡೂ ಬೇರೆ ಬೇರೆ. ಬೀದೀಲಿ ನಿಂತು ಅವನನ್ನ ಕಳ್ಳ ಅನ್ನೋ ಬದ್ಲು, ಕೇಳೋ ಜಾಗದಲ್ಲಿ ಕೇಳ್ತೀನಿ. ಅಲ್ಲಿ ಇಲ್ಲ ಅಂದ್ರೆ ಬಾಯ್ ಮುಚ್ಕೋತೀನಿ," ಎಂದರು.

"ಹಾಗಾದ್ರೆ ನನ್ನ ಎಣಿಕೆ ಮೇಲೆ ನಿಮಗೆ ಅನುಮಾನವೇ ಟೀಚರ್?" ಎಂದು ಕೇಳಿದೆ. ನನ್ನ ದನಿ ಬೇಕಾದುದಕ್ಕಿಂತ ಗಟ್ಟಿಯಾಗಿತ್ತು.

ಅವರು ನಕ್ಕುಬಿಟ್ಟರು. "ನಿನ್ನ ಮೇಲಾ? ಮಗ್ಗಿ ತಪ್ಪಿದ್ರೆ ನೀನೇ ಬಂದು ಏಟಿಗೆ ಕೈ ಚಾಚ್ತಿದ್ದೆ. ನೀನಿದ್ದ ಮೇಜು ಅಂತಾನೇ ನಾನವತ್ತು ಧೈರ್ಯವಾಗಿ ಮನೇಲಿದ್ದೆ."

ಆ ಭಾನುವಾರ ನಾನು ಪೇಪರು ಓದದೆಯೇ ಎದ್ದು ಬಂದೆ.

ಅರ್ಜಿ ದಾಖಲಾಯಿತು. ಕೋರ್ಟು ತನ್ನ ನಡಿಗೆಯಲ್ಲಿ ನಡೆಯಿತು. ಜಡ್ಜಿಗೆ ವರ್ಗವಾಯಿತು, ಇನ್ನೊಬ್ಬರು ಬರುವುದು ತಡವಾಯಿತು. ಒಂದೂವರೆ ವರ್ಷ ಹಾಗೆಯೇ ಸರಿಯಿತು.

ಈ ನಡುವೆ ಮಾಳಿಗಯ್ಯ ಸುಮ್ಮನೆ ಕೂತಿರಲಿಲ್ಲ. ಹತ್ತು ವರ್ಷದಿಂದ ಕೊಳಾಯಿ ಕಾಣದಿದ್ದ ಕೆಳಗಿನ ಬೀದಿಗೆ ಪೈಪು ಹಾಕಿಸಿದ. ಮೊದಲ ದಿನ ನೀರು ಬಂದಾಗ ಹೆಂಗಸರು ಕೊಳಾಯಿಗೆ ಅರಿಸಿನ ಕುಂಕುಮ ಹಚ್ಚಿದರು. ಆದರೂ ಕೊಡ ತುಂಬಿಸಿಕೊಂಡು ಹೋಗುವಾಗ ಅವನ ಮಾತು ಬಂದರೆ 'ಕತ್ತಲೆ ಮೆಂಬರು' ಎಂದೇ ಹೇಳುತ್ತಿದ್ದರು. ಪುರಸಭೆಯ ಸಭೆಯಲ್ಲಿ ಅವನು ಬಾಯಿ ತೆರೆದರೆ ಸಾಕು, ಹಿಂದಿನ ಬೆಂಚಿನಿಂದ ಯಾರಾದರೂ "ಲೈಟ್ ಹಾಕ್ರಪ್ಪಾ" ಎಂದು ಕೂಗುತ್ತಿದ್ದರಂತೆ.

ನನ್ನನ್ನು ಸಾಕ್ಷಿಗೆ ಕರೆದ ಸಮನ್ಸು ಬಂದ ವಾರದಲ್ಲಿ ಆ ಕೊಳಾಯಿಯ ಬಳಿಯೇ ಮಾಳಿಗಯ್ಯ ನನ್ನನ್ನು ತಡೆದು ನಿಲ್ಲಿಸಿದ. ಸೈಕಲ್ಲಿನಿಂದ ಇಳಿದು, ಆಚೀಚೆ ನೋಡಿ, ದನಿ ತಗ್ಗಿಸಿದ.

"ಮೇಷ್ಟ್ರೇ, ಒಂದ್ ಮಾತು ಕೇಳ್ತೀನಿ, ತಪ್ಪು ತಿಳ್ಕೋಬ್ಯಾಡಿ. ಎಣಿಸ್ದೋರು ನೀವು. ಸರಿಯಾಗೇ ಇತ್ತಲ್ವಾ?"

"ಯಾಕೆ ಹಾಗೆ ಕೇಳ್ತೀರಿ?"

"ಮೊದ್ಲು ಜನ ಅಂದ್ರೆ ಸಿಟ್ಟು ಬರ್ತಿತ್ತು. ಈಗೀಗ ನನಗೇ ಅನುಮಾನ ಬತ್ತದೆ. ನಾನೇನೂ ಮಾಡ್ಲಿಲ್ಲ, ನಮ್ ತಾಯಾಣೆ. ಆದ್ರೆ ನಮ್ಮೋರು ಯಾರಾದ್ರೂ, ನಂಗೆ ಗೊತ್ತಿಲ್ದಂಗೆ... ನಮ್ ಹುಡುಗಿ ಇಸ್ಕೂಲಿಂದ ಅಳ್ತಾ ಬಂದ್ಲು ಮೊನ್ನೆ. ನಿಜ ಹೇಳ್ಬುಡಿ, ನಾನು ಯಾರ್ಗೂ ಹೇಳಲ್ಲ."

"ಸರಿಯಾಗಿಯೇ ಇತ್ತು," ಎಂದೆ.

ಅವನು ನನ್ನ ಮುಖವನ್ನೇ ನೋಡಿದ. ನಂಬಿದನೋ ಇಲ್ಲವೋ ತಿಳಿಯಲಿಲ್ಲ. ಕೈಮುಗಿದು ಸೈಕಲ್ ಹತ್ತಿ ಹೋದ.

ಇಷ್ಟು ಹೊತ್ತು ಹೇಳದೆ ಇಟ್ಟುಕೊಂಡದ್ದನ್ನು ಈಗ ಹೇಳಬೇಕು. ಎಣಿಕೆಯ ಮೇಜಿನಲ್ಲಿ ಇಬ್ಬರಿರುತ್ತಿದ್ದೆವು. ತಾಲ್ಲೂಕು ಕಚೇರಿಯ ಗುಮಾಸ್ತರೊಬ್ಬರು ಮೊದಲು ಐವತ್ತು ಎಣಿಸಿ ಕೊಡುವುದು. ನಾನು ಅದನ್ನೇ ಮತ್ತೆ ಎಣಿಸಿ, ನೂಲು ಸುತ್ತಿ, ಸಹಿ ಹಾಕುವುದು. ಕರೆಂಟು ಹೋಗಿ ಪೆಟ್ರೊಮ್ಯಾಕ್ಸ್ ಬರುವವರೆಗೆ ನಾವು ಕೈ ಕಟ್ಟಿ ಕೂತಿದ್ದೆವು. ಆ ಹತ್ತು ನಿಮಿಷದಲ್ಲಿ ಏನೂ ಆಗಲಿಲ್ಲ. ಕಿಟಕಿಯಿಂದ ಯಾವ ಕೈಯೂ ಬರಲಿಲ್ಲ. ಆದದ್ದು ದೀಪ ಬಂದ ಮೇಲೆ. ಗುಮಾಸ್ತರು ಮಾಳಿಗಯ್ಯನ ನಾಲ್ಕನೆಯ ಕಟ್ಟನ್ನು ನನ್ನ ಮುಂದೆ ಇಟ್ಟ ಹೊತ್ತಿಗೆ ಸರಿಯಾಗಿ ಟೀ ಬಂತು. ಟೀ ಆರುತ್ತದೆಂದು ನಾನು ಎಣಿಸದೆಯೇ ನೂಲು ಸುತ್ತಿ ಸಹಿ ಹಾಕಿದೆ. ಅಷ್ಟೇ. ಲಂಚವಿಲ್ಲ, ಸಂಚಿಲ್ಲ. ಒಂದು ಲೋಟ ಟೀ.

ಆ ಮೂರು ಮತಗಳ ಅಂತರ ಕೇಳಿದಾಗಲೇ ನನಗೆ ಎಣಿಸದ ಆ ಕಟ್ಟು ನೆನಪಾಗಿತ್ತು. ಟೀಚರ ಜಗಲಿಯಲ್ಲಿ ನಾನು ಆಡಿದ ಒಂದೊಂದು ಒಳ್ಳೆಯ ವಾದವೂ ಆ ಚೀಟಿಯನ್ನು ಮುಚ್ಚಿಡಲು ಹೊದಿಸಿದ ಬಟ್ಟೆಯಾಗಿತ್ತು.

ಸಾಕ್ಷಿಯ ದಿನ ನನ್ನ ಉಪಾಯ ಸರಳವಾಗಿತ್ತು. ಕೇಳಿದ್ದಕ್ಕಷ್ಟೇ ಉತ್ತರ ಕೊಡುವುದು. ಪಾಂಡುರಂಗಯ್ಯನವರು ಕತ್ತಲೆಯ ಬಗ್ಗೆಯೇ ಕೇಳಿದರು. ಕತ್ತಲೆಯ ಬಗ್ಗೆ ನಾನು ಸತ್ಯವನ್ನೇ ಹೇಳಿದೆ. ಮತಪತ್ರಗಳನ್ನು ಯಾರೂ ಮುಟ್ಟಲಿಲ್ಲ ಎಂದೆ. ಟೀಚರ ಅರ್ಜಿ ನನ್ನ ಕಣ್ಣೆದುರಿಗೇ ಬೀಳುತ್ತಿತ್ತು. ಪಾಂಡುರಂಗಯ್ಯನವರು ಬೇರೆ ಪ್ರಶ್ನೆಗಳಿಂದ ನನ್ನನ್ನು ಕೆದಕಬಹುದಿತ್ತು. ಬೇಡವೆಂದು ಟೀಚರೇ ಹೇಳಿದ್ದರೆಂದು ಆಮೇಲೆ ತಿಳಿಯಿತು. "ಅವನು ನನ್ನ ಹುಡುಗ, ಕೇಳಿದ್ದಕ್ಕೆ ನಿಜಾನೇ ಹೇಳ್ತಾನೆ" ಎಂದಿದ್ದರಂತೆ.

ಆಮೇಲೆ ಮಾಳಿಗಯ್ಯನ ಕಡೆಯ ವಕೀಲರು ಎದ್ದರು. ಅವರಿಗೆ ನನ್ನಿಂದ ಬೇಕಾದದ್ದು ಒಂದೇ ವಾಕ್ಯ.

"ಎಲ್ಲಾ ಕಟ್ಟುಗಳನ್ನೂ ತಾವು ಸ್ವತಃ ಎಣಿಸಿಯೇ ಸಹಿ ಹಾಕಿದಿರಿ, ಅಲ್ಲವೇ?"

ಹೌದು ಎಂದರೆ ಮುಗಿಯುತ್ತಿತ್ತು. ನಾನು ಮಾಳಿಗಯ್ಯನನ್ನು ನೋಡಿದೆ. ಗೋಡೆಗೆ ಒರಗಿ ನಿಂತಿದ್ದ. ಆ ಉತ್ತರಕ್ಕೆ ನ್ಯಾಯಾಲಯದಲ್ಲಿ ಅವನಷ್ಟು ಕಾತರದಿಂದ ಕಾದವರು ಇನ್ನಾರೂ ಇರಲಿಲ್ಲ. ನಾನು ಹೌದೆಂದಿದ್ದರೆ ಅವನು ಗೆದ್ದು, ಸಾಯುವವರೆಗೂ ಕತ್ತಲೆ ಮೆಂಬರಾಗಿಯೇ ಉಳಿಯುತ್ತಿದ್ದ.

"ಒಂದನ್ನು ಬಿಟ್ಟು," ಎಂದೆ.

ವಕೀಲರು ತಡವರಿಸಿದರು. ಜಡ್ಜಿ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. "ಏನೆಂದಿರಿ? ಇನ್ನೊಮ್ಮೆ ಹೇಳಿ."

ಹೇಳಿದೆ. ಯಾವ ಕಟ್ಟು, ಯಾವಾಗ, ಯಾಕೆ. ಟೀ ಎಂಬ ಮಾತು ಬಂದಾಗ ಹಿಂದೆ ಯಾರೋ ನಕ್ಕರು. ಟೀಚರು ನಗಲಿಲ್ಲ. ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡು ನೆಲ ನೋಡುತ್ತ ಕೂತರು.

ಮರು ಎಣಿಕೆಗೆ ಆದೇಶವಾಯಿತು. ಅರಗಿನ ಮುದ್ರೆ ಒಡೆದು ಚೀಲವನ್ನು ಮೇಜಿನ ಮೇಲೆ ಸುರಿದಾಗ ಅದೇ ಬಿಳಿ ನೂಲಿನ ಕಟ್ಟುಗಳು ಹೊರಬಂದವು. ನೂಲು ಸ್ವಲ್ಪ ಹಳದಿಗಟ್ಟಿತ್ತು. ನನ್ನ ಸಹಿಯ ಶಾಯಿ ಮಾಸಿರಲಿಲ್ಲ. ಮಾಳಿಗಯ್ಯನ ನಾಲ್ಕನೆಯ ಕಟ್ಟನ್ನು ಕೋರ್ಟಿನ ಗುಮಾಸ್ತ ಗಟ್ಟಿಯಾಗಿ ಎಣಿಸಿದ. ನಲವತ್ತೇಳು, ನಲವತ್ತೆಂಟು. ಅವನ ಕೈ ಬರಿದಾಯಿತು.

ನಲವತ್ತೆಂಟು.

ಮೂರರ ಅಂತರ ಒಂದಕ್ಕೆ ಇಳಿಯಿತು. ಉಳಿದ ಕಟ್ಟುಗಳನ್ನು ಗುಮಾಸ್ತನ ಜೊತೆ ನಾನೂ ಮನಸ್ಸಿನಲ್ಲೇ ಎಣಿಸುತ್ತ ಹೋದೆ. ಇನ್ನೆಲ್ಲವೂ ಸರಿಯಾಗಿದ್ದವು. ಮಾಳಿಗಯ್ಯನಿಗೆ ಐನೂರ ಅರವತ್ತು, ಟೀಚರಿಗೆ ಐನೂರ ಐವತ್ತೊಂಬತ್ತು. ಅರ್ಜಿ ವಜಾ ಆಯಿತು.

ತೀರ್ಪು ಬಂದ ದಿನ ಕೋರ್ಟಿನ ಅಂಗಳದ ಹೊಂಗೆಮರದ ಕೆಳಗೆ ಮಾಳಿಗಯ್ಯ ನೇರವಾಗಿ ಟೀಚರ ಬಳಿಗೆ ಬಂದ. ಜಗಳವಾಗಬಹುದೆಂದು ಪಾಂಡುರಂಗಯ್ಯನವರು ನಡುವೆ ಹೋಗಿ ನಿಂತರು. ಅವನು ಅವರನ್ನು ಬಳಸಿಕೊಂಡು ಹೋಗಿ ಕೈಮುಗಿದ.

"ಟೀಚರಮ್ಮ, ಮೂರು ಓಟಲ್ಲಿ ಗೆದ್ದಾಗ ಕಳ್ಳ ಆಗಿದ್ದೆ. ಒಂದು ಓಟಲ್ಲಿ ಗೆದ್ದು ಮೆಂಬರಾದೆ. ನೀವು ಕೇಸು ಹಾಕ್ದೆ ಇದ್ದಿದ್ರೆ ನನ್ ಹೆಸ್ರು ತೊಳೆಯೋರು ಯಾರಿದ್ರು?"

"ನಾನು ನಿನ್ನ ಹೆಸರು ತೊಳೆಯೋಕೆ ಹಾಕಿದ್ದಲ್ಲ ಕಣಪ್ಪ," ಎಂದರು ಟೀಚರ್ ಎಂದಿನ ನೇರತನದಿಂದ. "ಗೆಲ್ತೀನಿ ಅಂತಾನೇ ಹಾಕಿದ್ದು. ಆದ್ರೂ ಆಯ್ತು, ಗೊತ್ತಾಯ್ತಲ್ಲ. ಮೇಲಿನ ಬೀದಿ ಚರಂಡಿ ಯಾವಾಗ ಮಾಡಿಸ್ತೀಯ ಹೇಳು."

ನನಗೆ ಇಲಾಖೆಯಿಂದ ಎಚ್ಚರಿಕೆಯ ಪತ್ರ ಬಂತು. ಸೇವಾ ಪುಸ್ತಕದಲ್ಲಿ ಅದು ನಮೂದಾಯಿತು. ಮುಂದೆ ಎಣಿಕೆಯ ಕೆಲಸಕ್ಕೆ ನನ್ನನ್ನು ಯಾರೂ ಕರೆಯಲಿಲ್ಲ. ಟೀಚರು ಆ ಬಗ್ಗೆ ಒಂದೇ ಒಂದು ಸಲ ಮಾತಾಡಿದರು. "ಒಂದೂವರೆ ವರ್ಷ ಬೇಕಾಯ್ತೇನೋ ನಿಂಗೆ?" ಎಂದರು. ಅವರು ಪೇಪರಿನ ಒಳಹಾಳೆ ತೆಗೆದು ನನ್ನ ಕಡೆ ಚಾಚಿದರು. ಸೋತವರು ಕೋರ್ಟಿಗೆ ಹೋಗುವುದು ಸರಿಯೇ ತಪ್ಪೇ ಎಂದು ಯಾರಾದರೂ ವಾದಕ್ಕೆ ಕೂತರೆ ನಾನು ಈಗ ಹಿಂದಿನಷ್ಟು ಚೆನ್ನಾಗಿ ಮಾತಾಡಲಾರೆ. ವಾದಿಸುವವನು ಏನನ್ನಾದರೂ ಬಚ್ಚಿಟ್ಟಿದ್ದಾನೆಯೇ ಎಂದು ಮೊದಲು ನೋಡುತ್ತೇನೆ.

ತೀರ್ಪಿನ ನಕಲು ತೆಗೆಸಿ ಮಾಳಿಗಯ್ಯ ಅದಕ್ಕೆ ಗಾಜಿನ ಚೌಕಟ್ಟು ಹಾಕಿಸಿದನೆಂದೂ ಗಿರಣಿಯ ಗೋಡೆಗೆ ದೇವರ ಪಟದ ಪಕ್ಕ ತೂಗುಹಾಕಿದನೆಂದೂ ಕೇಳಿದ್ದೆ. ಓದಲು ಬಾರದವರಿಗೂ ತೋರಿಸಿ, ಒಂದು ಎಂಬ ಅಂಕಿಯ ಮೇಲೆ ಬೆರಳಿಡುತ್ತಿದ್ದನಂತೆ. ಒಂದು ಬೆಳಿಗ್ಗೆ ಗೋಧಿ ಬೀಸಿಸಲು ಹೋದಾಗ ಸಾಲಿನಲ್ಲಿ ನನಗಿಂತ ಮುಂದೆ ಟೀಚರ್ ನಿಂತಿದ್ದರು, ರಾಗಿಯ ಡಬ್ಬ ಹಿಡಿದುಕೊಂಡು. ನನ್ನನ್ನು ನೋಡಲಿಲ್ಲ. ಯಂತ್ರದ ಸದ್ದಿನಲ್ಲಿ ಯಾರ ಮಾತೂ ಕೇಳುವಂತಿರಲಿಲ್ಲ. ಡಬ್ಬವನ್ನು ಕೆಳಗಿಟ್ಟು ಅವರು ಗೋಡೆಯ ಹತ್ತಿರ ಹೋದರು. ಗಾಜಿನ ಮೇಲೆ ಹಿಟ್ಟು ಕೂತು ಅಕ್ಷರಗಳು ಮಸುಕಾಗಿದ್ದವು. ಟೀಚರ್ ಸೆರಗಿನ ತುದಿಯಿಂದ ಗಾಜನ್ನು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಒರೆಸಿ, ಕನ್ನಡಕ ಸರಿಮಾಡಿಕೊಂಡು, ತಾವು ಸೋತ ಸಾಲನ್ನು ಓದತೊಡಗಿದರು.